ಮಳೆಗಾಲ ಶುರುವಾದ ಮೇಲೆ ಕಾರಿನ ಮೈಲೇಜ್ ಇದ್ದಕ್ಕಿದ್ದಂತೆ ಬಿತ್ತು, ಎಲ್ಲಿಂದ ಹುಡುಕಬೇಕು?

ಕಿತ್ತಳೆತೋಟ, ಸುಂಟಿಕೊಪ್ಪ

ಎಲ್ಲರಿಗೂ ನಮಸ್ಕಾರ. ನನ್ನದು 2017ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 1.2 ಲೀಟರ್ ಎಂಜಿನ್, ಮ್ಯಾನುವಲ್ ಗೇರ್, ಬಿಎಸ್4 (ಹೊಗೆ ನಿಯಮದ ಹಳೇ ಹಂತ). ದಿನಾ ಸುಂಟಿಕೊಪ್ಪದಿಂದ ಮಡಿಕೇರಿಗೆ ಹೋಗಿ ಬರುತ್ತೇನೆ. ವಾರಕ್ಕೊಮ್ಮೆ ಕುಶಾಲನಗರ. ನಮ್ಮ ಏರಿಳಿತದ ರಸ್ತೆಯಲ್ಲೂ ಲೀಟರಿಗೆ 16 ಕಿ.ಮೀ. ಆಸುಪಾಸು ಕೊಡುತ್ತಿತ್ತು. ಮೈಸೂರಿಗೆ ಹೋದರೆ 19 ದಾಟುತ್ತಿತ್ತು. ಈ ಮಳೆಗಾಲದಲ್ಲಿ 12ಕ್ಕೆ ಬಂದು ನಿಂತಿದೆ.

ರಸ್ತೆ ಅದೇ, ಓಡಿಸುವವನು ನಾನೇ. ಎಂಜಿನ್ ಲೈಟ್ ಬಂದಿಲ್ಲ. ಎಳೆತ ಕಮ್ಮಿಯಾಗಿಲ್ಲ. ಪೆಟ್ರೋಲ್ ವಾಸನೆ ಇಲ್ಲ, ನಿಲ್ಲಿಸುವ ಜಾಗದಲ್ಲಿ ನೆಲಕ್ಕೆ ಏನೂ ಸೋರುತ್ತಿಲ್ಲ. ಹೊಗೆಯೂ ಇಲ್ಲ.

ಕೇಳಿದವರೆಲ್ಲ ಒಂದೊಂದು ಹೇಳುತ್ತಿದ್ದಾರೆ. ಇ20 (ಶೇ. 20 ಎಥನಾಲ್ ಬೆರೆಸಿದ) ಪೆಟ್ರೋಲ್ ಅಂತ ಒಬ್ಬರು, ಟಯರ್ ಅಂತ ಇನ್ನೊಬ್ಬರು. ಸರ್ವಿಸ್‌ಗೆ ಕೇಳಿದರೆ ಪ್ಲಗ್, ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಎಲ್ಲ ಒಟ್ಟಿಗೆ ಮಾಡಿಸಿ ಅಂತಾರೆ. ಕಾಳು ಮೆಣಸಿನ ದುಡ್ಡು ಬರುವ ಮೊದಲೇ ಅಷ್ಟು ಖರ್ಚು ಮಾಡಲು ಮನಸ್ಸಿಲ್ಲ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಬಿಡಬಹುದು ಅಂತ ತಿಳಿದವರು ಹೇಳಿ.

ಹಾರಂಗಿ, ಕುಶಾಲನಗರ

ಮೊದಲ ಪ್ರಶ್ನೆ: 12 ಅಂತ ಹೇಗೆ ಲೆಕ್ಕ ಹಾಕಿದಿರಿ? ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯಾದರೆ ನಂಬಬೇಡಿ. ಅದು ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನುವುದರ ಮೇಲೆ ಮಾಡುವ ಅಂದಾಜು.

ಟ್ಯಾಂಕಿನಿಂದ ಟ್ಯಾಂಕಿಗೆ ಲೆಕ್ಕವೇ ಸರಿ. ಒಂದೇ ಬಂಕು, ಸಾಧ್ಯವಾದರೆ ಒಂದೇ ಮೆಷಿನ್, ಕಾರು ಸಮತಟ್ಟಾಗಿ ನಿಂತಿರಬೇಕು. ನಮ್ಮ ಕಡೆ ಕೆಲವು ಬಂಕುಗಳ ನೆಲವೇ ಇಳಿಜಾರು. ಕಾರು ಒಂದು ಕಡೆ ವಾಲಿದರೆ ಟ್ಯಾಂಕಿನೊಳಗೆ ಗಾಳಿ ಉಳಿದು ನಾಜಲ್ ಬೇಗ ಕಟ್ ಆಗುತ್ತದೆ. ಎರಡು ಮೂರು ಲೀಟರ್ ವ್ಯತ್ಯಾಸ ಅಲ್ಲೇ ಬಂದುಬಿಡುತ್ತದೆ. ಮೊದಲ ಕಟ್‌ಗೆ ನಿಲ್ಲಿಸಿ, ಮೇಲೆ ಸುರಿಸಬೇಡಿ. ಮುಂದಿನ ಬಾರಿ ತುಂಬಿಸುವ ಮೊದಲು 300 ಕಿ.ಮೀ. ಆದರೂ ಓಡಿರಲಿ.

ಕಿತ್ತಳೆತೋಟ

ಟ್ಯಾಂಕಿನಿಂದ ಟ್ಯಾಂಕಿಗೇ ನೋಡಿದ್ದು. ಕುಶಾಲನಗರದ ಒಂದೇ ಬಂಕು, ನೆಲ ಸಮತಟ್ಟಾಗಿದೆ. ಡ್ಯಾಶ್‌ಬೋರ್ಡ್ 13 ಅನ್ನುತ್ತದೆ, ನನ್ನ ಲೆಕ್ಕ 12.

ಕಾಳುಮೆಣಸು, ಸಿದ್ದಾಪುರ

ಇದು ಇ20 ಪೆಟ್ರೋಲೇ. ನಮ್ಮ ಊರಲ್ಲಿ ಎಲ್ಲರದ್ದೂ ಇದೇ ಗೋಳು. ಎಥನಾಲ್‌ನಲ್ಲಿ ಶಕ್ತಿ ಕಮ್ಮಿ. ಒಂದು ಲೀಟರ್ ಎಥನಾಲ್ ಕೊಡುವುದು ಪೆಟ್ರೋಲಿನ ಮೂರನೇ ಎರಡು ಭಾಗ ಅಷ್ಟೇ. 2017ರ ಗಾಡಿ ಇ20ಗೆ ಅಂತ ಮಾಡಿದ್ದೇ ಅಲ್ಲ. ಬೇರೆ ಕಾರಣ ಯಾಕೆ ಹುಡುಕಬೇಕು?

ಹಾರಂಗಿ

ಇ20ಯಿಂದ ಮೈಲೇಜ್ ಇಳಿಯುತ್ತದೆ, ಅದನ್ನು ಒಪ್ಪುತ್ತೇನೆ. ಎಷ್ಟು ಇಳಿಯುತ್ತದೆ ಅನ್ನುವುದನ್ನು ನೋಡಬೇಕಲ್ವಾ? ನೀತಿ ಆಯೋಗದ 2021ರ ಎಥನಾಲ್ ವರದಿಯಲ್ಲಿ ಅಂದಾಜು ಇದೆ. ಬರೀ ಪೆಟ್ರೋಲಿಗೆ ಮಾಡಿ ಇ10ಗೆ (ಶೇ. 10 ಎಥನಾಲ್) ಹೊಂದಿಸಿದ ಕಾರುಗಳಲ್ಲಿ ಶೇ. 6ರಿಂದ 7. ಇ10ಗೆ ಮಾಡಿ ಇ20ಗೆ ಹೊಂದಿಸಿದ ಕಾರುಗಳಲ್ಲಿ ಶೇ. 1ರಿಂದ 2. ಇವರದ್ದು 16ರಿಂದ 12. ಅಂದರೆ ಶೇ. 25. ಇ20ಯ ಪಾಲು ಹೆಚ್ಚೆಂದರೆ ಲೀಟರಿಗೆ ಒಂದು ಕಿ.ಮೀ. ಉಳಿದ ಮೂರು ಎಲ್ಲಿ ಹೋಯಿತು?

ಇನ್ನೊಂದು ಮಾತು. ಇ20 ಅಂದರೆ ಇಲ್ಲಿನ ಬಂಕಿನಲ್ಲೂ ಅದೇ, ಮೈಸೂರಿನಲ್ಲೂ ಅದೇ. ಮೇ ತಿಂಗಳಲ್ಲಿ 16 ಕೊಟ್ಟ ಕಾರು ಅದೇ ಪೆಟ್ರೋಲಿನಲ್ಲಿ ಜೂನ್‌ನಲ್ಲಿ 12 ಕೊಟ್ಟರೆ ಕಾರಿನಲ್ಲೇ ಏನೋ ಬದಲಾಗಿದೆ.

ಪುಷ್ಪಗಿರಿ, ಸೋಮವಾರಪೇಟೆ

ಏರು ರಸ್ತೆಯ ಲೆಕ್ಕವನ್ನೂ ಹಾಕಿ ನೋಡೋಣ. ಕುಶಾಲನಗರದಿಂದ ಮಡಿಕೇರಿಗೆ ಸುಮಾರು 300 ಮೀಟರ್ ಏರುತ್ತೇವೆ. ಜನ ಸೇರಿ ಕಾರಿನ ತೂಕ 1,000 ಕೆ.ಜಿ. ಅಂತ ಇಟ್ಟುಕೊಳ್ಳಿ. ಅಷ್ಟನ್ನು 300 ಮೀಟರ್ ಎತ್ತಲು ಸುಮಾರು 3 ಮೆಗಾಜೌಲ್ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ 32 ಮೆಗಾಜೌಲ್ ಇರುತ್ತದೆ, ಚಕ್ರಕ್ಕೆ ತಲುಪುವುದು ಅದರ ಕಾಲು ಭಾಗ ಮಾತ್ರ. ಲೆಕ್ಕ ಹಾಕಿದರೆ ಏರುವುದಕ್ಕೇ ಲೀಟರಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಖರ್ಚು. ಇಳಿಯುವಾಗ ಗೇರಿನಲ್ಲಿ ಬಿಟ್ಟು ಬಂದರೆ ಒಂದಷ್ಟು ವಾಪಸ್ ಸಿಗುತ್ತದೆ. ಆದರೆ ಬೆಟ್ಟ ಹೋದ ವರ್ಷವೂ ಇತ್ತು. ಹಾಗಾಗಿ ಹೊಸ ನಷ್ಟಕ್ಕೆ ಬೆಟ್ಟ ಕಾರಣ ಆಗುವುದಿಲ್ಲ.

ಮಳೆಯದ್ದು ಬೇರೆ. ಒದ್ದೆ ರಸ್ತೆಯಲ್ಲಿ ಟಯರ್ ನೀರನ್ನು ತಳ್ಳಿಕೊಂಡು ಹೋಗಬೇಕು. ಗಾಜಿನ ಮಂಜು ತೆಗೆಯಲು ಎ.ಸಿ. ಹಾಕುತ್ತೇವೆ. ಹೆಡ್‌ಲೈಟ್, ವೈಪರ್ ಸದಾ ಓಡುತ್ತವೆ. ಎಲ್ಲ ಸೇರಿ ಒಂದು ಕಿ.ಮೀ. ಇಳಿದರೆ ನನಗೆ ಆಶ್ಚರ್ಯ ಇಲ್ಲ. ಮೂರು ನಾಲ್ಕು ಇಳಿಯಲ್ಲ.

ಇಲ್ಲೇ ಒಂದು ವಿನಂತಿ. ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ದಯವಿಟ್ಟು ಬಿಡಿ. ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದರೆ ಎಂಜಿನ್ನಿನ ಕಂಪ್ಯೂಟರ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಹಾಕಿದರೆ ಐಡ್ಲಿಂಗ್‌ಗೆ ಪೆಟ್ರೋಲ್ ಬೇಕೇ ಬೇಕು. ಅಂದರೆ ಉಳಿತಾಯವೂ ಇಲ್ಲ, ಭಾರವೆಲ್ಲ ಬ್ರೇಕಿನ ಮೇಲೆ. ಸಂಪಾಜೆ ಘಾಟಿಯ ತಿರುವುಗಳಲ್ಲಿ, ಅದೂ ಮಳೆಯಲ್ಲಿ, ಬ್ರೇಕ್ ಬಿಸಿಯಾಗಿ ಹಿಡಿಯದೇ ಹೋದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಹಳೇಮೆಕ್ಯಾನಿಕ್, ವಿರಾಜಪೇಟೆ

ಲೆಕ್ಕ ಚೆನ್ನಾಗಿದೆ. ಈಗ ಕಾರನ್ನು ನೋಡೋಣ.

ಮೈಲೇಜ್ ವರ್ಷಗಟ್ಟಲೆ ನಿಧಾನಕ್ಕೆ ಇಳಿದರೆ ಸವೆತ. ಇದ್ದಕ್ಕಿದ್ದಂತೆ ಬಿದ್ದರೆ ಯಾವುದೋ ಒಂದು ಭಾಗ ಕೆಟ್ಟಿದೆ, ಇಲ್ಲ ಯಾರೋ ಏನನ್ನೋ ಬದಲಿಸಿದ್ದಾರೆ. ಪ್ಲಗ್, ಇಂಜೆಕ್ಟರ್ ಅಂತ ಸುಮ್ನೆ ದುಡ್ಡು ಸುರಿಯಬೇಡಿ. ಪ್ಲಗ್ ಕೆಟ್ಟು ಇಷ್ಟು ಮೈಲೇಜ್ ಹೋಗಬೇಕಾದರೆ ಎಂಜಿನ್ ನಡುಗುತ್ತದೆ, ಏರಿನಲ್ಲಿ ಮುಗ್ಗರಿಸುತ್ತದೆ. ಏರ್ ಫಿಲ್ಟರ್ ಕೊಳೆಯಾದರೆ ಕಾರ್ಬ್ಯುರೇಟರ್ ಕಾಲದಲ್ಲಿ ಪೆಟ್ರೋಲ್ ಜಾಸ್ತಿ ಕುಡಿಯುತ್ತಿತ್ತು. ಈಗಿನ ಗಾಡಿ ಗಾಳಿ ಅಳೆದು ಪೆಟ್ರೋಲ್ ಬಿಡುತ್ತದೆ. ಕೊಳೆ ಫಿಲ್ಟರ್‌ಗೆ ಎಳೆತ ಹೋಗುತ್ತದೆ, ಮೈಲೇಜ್ ಅಷ್ಟಾಗಿ ಹೋಗಲ್ಲ.

ಬಾನೆಟ್ ತೆಗೆದಾಗ ಫಿಲ್ಟರ್ ಡಬ್ಬಿಯನ್ನು ಮಾತ್ರ ಒಮ್ಮೆ ತೆರೆದು ನೋಡಿ. ನಮ್ಮ ಕಡೆ ಮಳೆಗಾಲದಲ್ಲಿ ಇಲಿಗಳು ಅಲ್ಲಿ ಗೂಡು ಕಟ್ಟುತ್ತವೆ. ಪಕ್ಕದ ವೈರ್, ವ್ಯಾಕ್ಯೂಮ್ ಪೈಪ್ ಕಡಿದಿವೆಯಾ ಅಂತಲೂ ನೋಡಿ.

ನನಗೆ ಮೂರು ಉತ್ತರ ಬೇಕು.

ಒಂದು, ಚಕ್ರ ಹಿಡಿಯುತ್ತಿದೆಯಾ? ನಾಲ್ಕು ಕಿ.ಮೀ. ಬ್ರೇಕ್ ಆದಷ್ಟು ಕಮ್ಮಿ ಬಳಸಿ ಓಡಿಸಿ. ನಿಲ್ಲಿಸಿದ ಮೇಲೆ ನಾಲ್ಕೂ ರಿಮ್ ಹತ್ತಿರ ಕೈ ಹಿಡಿದು ನೋಡಿ. ಒಂದೇ ಒಂದು ಕಾವು ಜಾಸ್ತಿ ಇದ್ದರೆ ಅಲ್ಲಿ ಬ್ರೇಕ್ ಬಿಡುತ್ತಿಲ್ಲ. ಡಿಸ್ಕ್ ಮುಟ್ಟಬೇಡಿ, ಕೈ ಸುಡುತ್ತದೆ. ಆಮೇಲೆ ಸಮತಟ್ಟು ಜಾಗದಲ್ಲಿ ನ್ಯೂಟ್ರಲ್ ಹಾಕಿ ತಳ್ಳಿ. ಚಿಕ್ಕ ಕಾರು ಒಬ್ಬರ ಕೈಗೇ ಸಲೀಸಾಗಿ ಉರುಳಬೇಕು.

ಎರಡು, ಮೈಲೇಜ್ ಬೀಳುವ ಸ್ವಲ್ಪ ಮೊದಲು ಕಾರಿಗೆ ಏನು ಕೆಲಸ ಮಾಡಿಸಿದಿರಿ? ಚಿಕ್ಕದಾದರೂ ಹೇಳಿ. ಟಯರ್, ಬ್ಯಾಟರಿ, ಪೈಪ್, ಏನೇ ಇರಲಿ.

ಮೂರು, ಹೀಟರ್ ಹಾಕಿದರೆ ಗಾಳಿ ಬಿಸಿ ಬರುತ್ತದೆಯಾ?

ಬರಪೊಳೆ, ಪೊನ್ನಂಪೇಟೆ

ಚಕ್ರದ ವಿಷಯ ಬಂದಿದ್ದಕ್ಕೆ ನನ್ನ ಅನುಭವ ಹೇಳುತ್ತೇನೆ. ಮಾಕುಟ್ಟ ಘಾಟಿ ಇಳಿದು ಇರಿಟ್ಟಿ ಕಡೆಗೆ ಕೆಲಸದ ಮೇಲೆ ಹೋಗಿ ಬರುವವನು ನಾನು. ಹೋದ ಮಳೆಗಾಲ ನನ್ನ ಕಾರಿನಲ್ಲೂ ಹೀಗೇ ಆಯಿತು. ಕಾರು ಒಂದು ಕಡೆ ಎಳೆಯುತ್ತಿರಲಿಲ್ಲ, ಶಬ್ದ ಇರಲಿಲ್ಲ. ಘಾಟಿ ಹತ್ತಿದ ಮೇಲೆ ಎಡಗಡೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಹತ್ತುವಾಗ ಬ್ರೇಕ್ ಬಳಸುವುದೇ ಕಮ್ಮಿ, ಹಾಗಿದ್ದೂ ವಾಸನೆ ಬಂತು. ಅಲ್ಲಿಗೇ ಅನುಮಾನ.

ಬಿಚ್ಚಿ ನೋಡಿದರೆ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಆಚೀಚೆ ಜಾರುವ ಪಿನ್ ತುಕ್ಕು ಹಿಡಿದು ಕೂತಿತ್ತು. ಪಿನ್ನಿನ ರಬ್ಬರ್ ಹರಿದು ಕೆಸರು ನೀರು ಒಳಗೆ ಹೋಗಿದೆ. ಒಳಗಿನ ಪ್ಯಾಡ್ ಸವೆದು ತೆಳ್ಳಗಾಗಿದೆ, ಹೊರಗಿನದ್ದು ಹೊಸದರ ಹಾಗಿದೆ. ಪಿನ್ ಸ್ವಚ್ಛ ಮಾಡಿ, ಬ್ರೇಕಿಗೇ ಬಳಸುವ ಸಿಲಿಕಾನ್ ಗ್ರೀಸ್ ಹಚ್ಚಿ, ರಬ್ಬರ್ ಮತ್ತು ಪ್ಯಾಡ್ ಬದಲಿಸಿದರು. ಮೈಲೇಜ್ ವಾಪಸ್ ಬಂತು. ಸಾಧಾರಣ ಗ್ರೀಸ್ ಹಚ್ಚಿಸಬೇಡಿ, ಅದು ರಬ್ಬರನ್ನು ಊದಿಸಿ ಮತ್ತೆ ಪಿನ್ ಹಿಡಿಸುತ್ತದೆ.

ಹಿಂದಿನ ಚಕ್ರಕ್ಕೆ ಹ್ಯಾಂಡ್ ಬ್ರೇಕ್ ಕೇಬಲ್ ಇನ್ನೊಂದು ಕಾಟ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ನಾಲ್ಕು ದಿನ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಕೇಬಲ್ ತುಕ್ಕಾದರೆ ಲಿವರ್ ಇಳಿಸಿದರೂ ಬ್ರೇಕ್ ಪೂರ್ತಿ ಬಿಡುವುದಿಲ್ಲ. ಮನೆಯಲ್ಲಿ ನಿಲ್ಲಿಸುವಾಗ ನಾನು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುತ್ತೇನೆ.

ಕಾಫಿಕಣ, ನಾಪೋಕ್ಲು

ನನ್ನದು ಡೀಸೆಲ್, ಬಿಎಸ್6. ನನಗೂ ಮೈಲೇಜ್ ಬಿದ್ದಿದೆ. ಕಾರಣ ಇದೇ ಇರಬಹುದಾ? ಮನೆಯಿಂದ ತೋಟ, ತೋಟದಿಂದ ನಾಪೋಕ್ಲು ಪೇಟೆ, ಅಷ್ಟೇ ಓಡಾಟ.

ಹಳೇಮೆಕ್ಯಾನಿಕ್

ನಿಮ್ಮದು ಬೇರೆ ಕಥೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಡಿಪಿಎಫ್ ಅಂತಾರೆ. ಮಸಿ ತುಂಬಿದಾಗ ಎಂಜಿನ್ ಜಾಸ್ತಿ ಡೀಸೆಲ್ ಬಿಟ್ಟು, ಹೊಗೆಯನ್ನು 600 ಡಿಗ್ರಿ ಹತ್ತಿರ ಬಿಸಿ ಮಾಡಿ ಅದನ್ನು ಸುಡುತ್ತದೆ. ಅದಕ್ಕೆ ಒಂದೇ ಸಮನೆ ಸ್ವಲ್ಪ ಹೊತ್ತು ಓಡಬೇಕು. ನೀವು ಐದು ಕಿ.ಮೀ. ಓಡಿಸಿ ನಿಲ್ಲಿಸುತ್ತೀರಿ. ಸುಡುವುದು ಅರ್ಧಕ್ಕೆ ನಿಲ್ಲುತ್ತದೆ, ಮುಂದಿನ ಸಲ ಮತ್ತೆ ಶುರು. ಡೀಸೆಲ್ ಅಲ್ಲೇ ಹೋಗುತ್ತದೆ.

ಎಂಜಿನ್ ಆಯಿಲ್ ಕಡ್ಡಿ ಎಳೆದು ನೋಡಿ. ಮಟ್ಟ ಮೇಲಿನ ಗುರುತಿಗಿಂತ ಏರಿದ್ದರೆ ಡೀಸೆಲ್ ಆಯಿಲಿಗೆ ಸೇರುತ್ತಿದೆ ಅಂತ ಅರ್ಥ. ಹಾಗಿದ್ದರೆ ಮೊದಲು ಆಯಿಲ್ ಬದಲಿಸಿ. ಆಮೇಲೆ ಆಗಾಗ ಹುಣಸೂರು ರಸ್ತೆಯ ಕಡೆ ಅರ್ಧ ಗಂಟೆ ನಾಲ್ಕನೇ ಗೇರಿನಲ್ಲಿ ಒಂದೇ ಸಮ ಓಡಿಸಿ ಬನ್ನಿ.

ಕಿತ್ತಳೆತೋಟ

ಎಲ್ಲ ನೋಡಿಕೊಂಡು ಬಂದೆ. ನಾಲ್ಕು ಚಕ್ರವೂ ಒಂದೇ ಕಾವು. ತಳ್ಳಿದರೆ ಸಲೀಸಾಗಿ ಉರುಳುತ್ತದೆ. ಟಯರ್ ಗಾಳಿ ಬೆಳಿಗ್ಗೆ ತಣ್ಣಗಿರುವಾಗ ನೋಡಿದೆ, ಎರಡು ಮೂರು ಪಿಎಸ್ಐ ಕಮ್ಮಿ ಇತ್ತು, ತುಂಬಿಸಿದೆ. ಫಿಲ್ಟರ್ ಡಬ್ಬಿಯಲ್ಲಿ ಇಲಿ ಇಲ್ಲ.

ಕೆಲಸದ ವಿಷಯ: ಮೇ ಕೊನೆಯಲ್ಲಿ ಸುಳ್ಯದಿಂದ ಬರುವಾಗ ಸಂಪಾಜೆ ಘಾಟಿ ಏರುತ್ತಾ ಟೆಂಪರೇಚರ್‌ನ ಕೆಂಪು ಲೈಟ್ ಬಂತು. ತಕ್ಷಣ ನಿಲ್ಲಿಸಿದೆ. ಕೂಲಂಟ್ (ಎಂಜಿನ್ ತಣಿಸುವ ನೀರು) ಪೈಪ್ ಸೀಳಿತ್ತು. ಒಂದು ಗ್ಯಾರೇಜಿನಲ್ಲಿ ಪೈಪ್ ಬದಲಿಸಿ ಹೊಸ ಕೂಲಂಟ್ ಹಾಕಿಕೊಟ್ಟರು. ಬಿಲ್ಲಿನಲ್ಲಿ ಇರುವುದು ಅಷ್ಟೇ. ಆಮೇಲೆ ಲೈಟ್ ಬಂದಿಲ್ಲ.

ಹೀಟರ್ ಬಗ್ಗೆ ನೀವು ಕೇಳಿದ್ದು ಸರಿಯಾಗಿ ಮುಟ್ಟಿತು. ಓಡುವಾಗ ಗಾಳಿ ಬೆಚ್ಚಗೆ ಅನ್ನುವಷ್ಟು ಮಾತ್ರ ಬರುತ್ತದೆ. ಮಡಿಕೇರಿ ಪೇಟೆಯಲ್ಲಿ ನಿಂತಾಗ ಬಿಸಿಯಾಗುತ್ತದೆ. ಇಳಿಜಾರಿನಲ್ಲಿ ಮತ್ತೆ ತಣ್ಣಗಾಗುತ್ತದೆ. ಹೋದ ವರ್ಷ ಸುಡುವಷ್ಟು ಬರುತ್ತಿತ್ತು.

ಹಳೇಮೆಕ್ಯಾನಿಕ್

ಸಿಕ್ಕಿತು ಅನ್ನಿಸುತ್ತದೆ. ಥರ್ಮೋಸ್ಟಾಟ್ ವಾಲ್ವ್ ನೋಡಿಸಿ. ತೆರೆದೇ ಸಿಕ್ಕಿಕೊಂಡಿದೆ, ಇಲ್ಲ ತೆಗೆದುಬಿಟ್ಟಿದ್ದಾರೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಂಜಿನ್ ಮತ್ತು ರೇಡಿಯೇಟರ್ ನಡುವೆ ಈ ವಾಲ್ವ್ ಕೂತಿರುತ್ತದೆ. ಒಳಗೆ ಮೇಣ ಇರುತ್ತದೆ. ನೀರು ಬಿಸಿಯಾದಾಗ ಮೇಣ ಕರಗಿ ಹಿಗ್ಗಿ ವಾಲ್ವನ್ನು ತೆರೆಯುತ್ತದೆ. ಹೆಚ್ಚಿನ ಕಾರುಗಳಲ್ಲಿ 82ರಿಂದ 88 ಡಿಗ್ರಿಯ ಆಸುಪಾಸಿನಲ್ಲಿ ತೆರೆಯಲು ಶುರುವಾಗುತ್ತದೆ. ಅಲ್ಲಿಯವರೆಗೆ ನೀರು ರೇಡಿಯೇಟರ್‌ಗೆ ಹೋಗಬಾರದು. ಎಂಜಿನ್ ಬೇಗ ಬಿಸಿಯಾಗಲಿ ಅಂತಲೇ ಅದನ್ನು ಇಟ್ಟಿರುವುದು.

ಅದಿಲ್ಲದಿದ್ದರೆ ಸ್ಟಾರ್ಟ್ ಮಾಡಿದ ಕ್ಷಣದಿಂದಲೇ ನೀರು ರೇಡಿಯೇಟರ್ ಸುತ್ತುತ್ತದೆ. ಜುಲೈನಲ್ಲಿ ಮಡಿಕೇರಿಯ ಗಾಳಿ 20 ಡಿಗ್ರಿ ಆಸುಪಾಸು, ಜೊತೆಗೆ ಮಳೆ ನೀರು ಬಂದು ರೇಡಿಯೇಟರ್‌ಗೆ ಬಡಿಯುತ್ತದೆ. ಓಡುವಾಗ ಎಂಜಿನ್ ಬಿಸಿಯಾಗುವುದೇ ಇಲ್ಲ. ನಿಂತಾಗ ಗಾಳಿ ಬಡಿಯಲ್ಲ, ಆಗ ಬಿಸಿಯಾಗುತ್ತದೆ. ಹೀಟರ್‌ಗೆ ಕಾವು ಬರುವುದು ಇದೇ ನೀರಿನಿಂದ, ನಿಮ್ಮ ಹೀಟರ್ ಹೇಳುತ್ತಿರುವುದು ಇದನ್ನೇ.

ಕಂಪ್ಯೂಟರ್‌ಗೆ ಎಂಜಿನ್ ಇನ್ನೂ ತಣ್ಣಗಿದೆ ಅಂತ ಕಾಣುತ್ತದೆ. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು, ಯಾಕೆಂದರೆ ಒಂದಷ್ಟು ಪೆಟ್ರೋಲ್ ಆವಿಯಾಗದೆ ಗೋಡೆಗೆ ಅಂಟುತ್ತದೆ. ಹಾಗಾಗಿ ಜಾಸ್ತಿ ಬಿಡುತ್ತದೆ. ಐಡ್ಲಿಂಗ್ ಏರಿಸಿಡುತ್ತದೆ. ಇಳಿಜಾರಿನಲ್ಲಿ ಪೆಟ್ರೋಲ್ ನಿಲ್ಲಿಸುವ ಉಪಾಯವನ್ನು ಎಷ್ಟೋ ಗಾಡಿಗಳು ಎಂಜಿನ್ ಬಿಸಿಯಾಗುವ ತನಕ ಪೂರ್ತಿ ಬಳಸುವುದಿಲ್ಲ. ಆಯಿಲ್ ದಪ್ಪಗೇ ಇರುತ್ತದೆ. ನಿಮ್ಮದು ಹದಿನೈದು ಕಿ.ಮೀ. ಓಟ. ಬೆಳಿಗ್ಗೆ ಹೊರಟಾಗಿನ ಸ್ಥಿತಿಯಲ್ಲೇ ಇಡೀ ದಾರಿ ಮುಗಿಯುತ್ತದೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ರಾತ್ರಿಯೆಲ್ಲ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿ, ಹಾಗೇ ನಿಲ್ಲಿಸಿ, ರೇಡಿಯೇಟರ್‌ಗೆ ಹೋಗುವ ಮೇಲಿನ ದಪ್ಪ ಪೈಪ್ ಮುಟ್ಟಿ. ವಾಲ್ವ್ ಸರಿ ಇದ್ದರೆ ಪೈಪ್ ತುಂಬಾ ಹೊತ್ತು ತಣ್ಣಗಿದ್ದು ಒಮ್ಮೆಲೇ ಬಿಸಿಯಾಗುತ್ತದೆ. ಇಲ್ಲದಿದ್ದರೆ ಮೊದಲಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಹೋಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಕೆಳಗಿನ ಪೈಪ್ ಕಡೆ ಇರುತ್ತದೆ, ಅಲ್ಲಿ ಕೆಳಗಿನದ್ದನ್ನು ನೋಡಬೇಕು. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ಕೈ ಮತ್ತು ತೋಳಿನ ಬಟ್ಟೆ ಹುಷಾರು.

ಕಾಳುಮೆಣಸು

ಹಾಗಿದ್ದರೆ ಎಂಜಿನ್ ಲೈಟ್ ಬರಬೇಕಿತ್ತಲ್ವಾ? ನಂದೂ ಅದೇ ತರಹದ ಕಾರು, ಅದರಲ್ಲಿ ನೀಲಿ ಲೈಟ್ ಇದೆ. ತಣ್ಣಗಿದ್ದರೆ ಉರಿಯುತ್ತದೆ.

ಹಾರಂಗಿ

ನೀಲಿ ಲೈಟ್ ಎಂಜಿನ್ ಪೂರ್ತಿ ಬಿಸಿಯಾಗುವ ಎಷ್ಟೋ ಮೊದಲೇ ಆರಿಹೋಗುತ್ತದೆ. ಅದು ಆರಿತು ಅಂದರೆ ಓಡಿಸಬಹುದು ಅಂತ ಅಷ್ಟೇ. ಮುಳ್ಳಿನ ಮೀಟರ್ ತೆಗೆದು ಬರೀ ನೀಲಿ, ಕೆಂಪು ಲೈಟ್ ಕೊಟ್ಟಿರುವ ಕಾರುಗಳಲ್ಲಿ 60 ಡಿಗ್ರಿಯಲ್ಲಿ ಓಡುತ್ತಿದೆಯೋ 90ರಲ್ಲೋ ಅಂತ ಓಡಿಸುವವರಿಗೆ ತಿಳಿಯುವುದೇ ಇಲ್ಲ. ನನಗೆ ಇದು ನಿಜಕ್ಕೂ ಬೇಜಾರಿನ ಸಂಗತಿ.

ಎಂಜಿನ್ ಲೈಟ್ ವಿಷಯ: ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಅನ್ನುವುದಕ್ಕೆ ಪಿ0128 ಅನ್ನುವ ಕೋಡ್ ಇದೆ. ಅದು ಬರಲು ಇಷ್ಟು ಹೊತ್ತು, ಇಷ್ಟು ವೇಗ ಅಂತ ಷರತ್ತುಗಳಿರುತ್ತವೆ. ನಮ್ಮ ಚಿಕ್ಕ ಓಟ, ನಿಧಾನದ ರಸ್ತೆಯಲ್ಲಿ ಷರತ್ತು ಪೂರ್ತಿಯಾಗದೇ ಇರಬಹುದು. ಲೈಟ್ ಇಲ್ಲ ಅಂದ ಮಾತ್ರಕ್ಕೆ ದೋಷ ಇಲ್ಲ ಅಂತಲ್ಲ.

ಬ್ಲೂಟೂತ್ ಒಬಿಡಿ ರೀಡರ್ (ಕಾರಿನ ಕಂಪ್ಯೂಟರ್ ಅಂಕಿಗಳನ್ನು ಓದುವ ಸಾಧನ) ಒಂದು ಯಾರ ಹತ್ತಿರವಾದರೂ ಇಸಕೊಳ್ಳಿ. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಹಾಕಿದರೆ ಫೋನಿನಲ್ಲಿ ಎಲ್ಲ ಕಾಣುತ್ತದೆ. ಪಕ್ಕದಲ್ಲಿ ಕೂತವರು ನೋಡಲಿ, ಓಡಿಸುವವರು ಬೇಡ. ಎರಡು ಅಂಕಿ ಬರೆದುಕೊಳ್ಳಿ. ಕೂಲಂಟ್ ಟೆಂಪರೇಚರ್, ಮತ್ತು ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್.

ಟ್ರಿಮ್ ಅಂದರೆ, ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಕೂಡಿಸಬೇಕಾಯಿತು ಅಥವಾ ಕಳೆಯಬೇಕಾಯಿತು ಅನ್ನುವುದು. ಸೊನ್ನೆಯಿಂದ ಆಚೀಚೆ ಶೇ. 5ರೊಳಗೆ ಇದ್ದರೆ ಸರಿ. ಶೇ. 10ಕ್ಕಿಂತ ಜಾಸ್ತಿ ಕೂಡಿಸುತ್ತಿದ್ದರೆ ಎಲ್ಲೋ ಗಾಳಿ ಸೋರಿಕೆ, ಇಲ್ಲ ಪೆಟ್ರೋಲ್ ಪ್ರೆಶರ್ ಕಮ್ಮಿ. ಅಷ್ಟೇ ಕಳೆಯುತ್ತಿದ್ದರೆ ಇಂಜೆಕ್ಟರ್ ಸೋರುತ್ತಿದೆಯಾ, ಟ್ಯಾಂಕಿನ ಆವಿ ಬಿಡುವ ಪರ್ಜ್ ವಾಲ್ವ್ ತೆರೆದೇ ಇದೆಯಾ ಅಂತ ನೋಡಬೇಕು. ಥರ್ಮೋಸ್ಟಾಟ್ ದೋಷದಲ್ಲಿ ಟ್ರಿಮ್ ಸರಿಯಾಗೇ ಕಾಣಬಹುದು. ಯಾಕೆಂದರೆ ಕಂಪ್ಯೂಟರ್ ಬೇಕು ಅಂತಲೇ ಜಾಸ್ತಿ ಬಿಡುತ್ತಿದೆ. ಅದರ ಲೆಕ್ಕದಲ್ಲಿ ತಪ್ಪಿಲ್ಲ.

ಹೀಟರ್ ಸುಡುವಷ್ಟು ಬಿಸಿ ಇದ್ದು ಫೋನಿನಲ್ಲಿ ಮಾತ್ರ 40 ಡಿಗ್ರಿ ಅಂತ ಕಂಡರೆ ಟೆಂಪರೇಚರ್ ಸೆನ್ಸರ್ ಅಥವಾ ಅದರ ವೈರ್ ಕೆಟ್ಟಿದೆ. ಎರಡೂ ತಣ್ಣಗಿದ್ದರೆ ವಾಲ್ವ್. ಈ ಒಂದು ಹೋಲಿಕೆ ಮಾಡದೆ ಯಾವ ಪಾರ್ಟನ್ನೂ ಕೊಳ್ಳಬೇಡಿ.

ಘಾಟಿಜೀಪ್, ಮಡಿಕೇರಿ

ಒಂದು ಮಾತು ಹೇಳಲೇಬೇಕು. ನಾವು ಮಾಂದಲಪಟ್ಟಿಗೆ ಜೀಪ್ ಓಡಿಸುವವರು. ನಮ್ಮ ಹಳೇ ಜೀಪುಗಳಲ್ಲಿ ಆ ವಾಲ್ವ್ ತೆಗೆದೇ ಓಡಿಸುತ್ತೇವೆ. ಏರಿನಲ್ಲಿ ಬಿಸಿಯಾಗಿ ನಿಂತರೆ ಪ್ರವಾಸಿಗರನ್ನು ಹೊತ್ತುಕೊಂಡು ಎಲ್ಲಿ ಹೋಗಲಿ? ನನಗಂತೂ ತೊಂದರೆ ಆಗಿಲ್ಲ. ಗ್ಯಾರೇಜಿನವರು ತೆಗೆದಿದ್ದರೆ ಒಳ್ಳೆಯದಕ್ಕೇ ತೆಗೆದಿರುತ್ತಾರೆ.

ಹಳೇಮೆಕ್ಯಾನಿಕ್

ನಿಮ್ಮ ಕಷ್ಟ ಗೊತ್ತು. ಮೊದಲ ಗೇರಿನಲ್ಲಿ, ಜನ ತುಂಬಿಕೊಂಡು, ಆ ಕಲ್ಲು ದಾರಿ ಹತ್ತುವ ಜೀಪಿನ ಬೇಡಿಕೆಯೇ ಬೇರೆ. ಹಳೇ ಡೀಸೆಲ್‌ನಲ್ಲಿ ಕಂಪ್ಯೂಟರ್ ಇಲ್ಲ, ಹಾಗಾಗಿ ಖರ್ಚು ಕಣ್ಣಿಗೆ ಅಷ್ಟು ಕಾಣಲ್ಲ. ಆದರೂ ನಾನು ಒಪ್ಪುವುದಿಲ್ಲ. ತಣ್ಣಗೆ ಓಡುವ ಎಂಜಿನ್ ಬೇಗ ಸವೆಯುತ್ತದೆ. ಸಿಲಿಂಡರ್‌ನಲ್ಲಿ ತೇವ ನಿಲ್ಲುತ್ತದೆ, ಆಯಿಲಿಗೆ ಇಂಧನ ಸೇರಿ ತೆಳ್ಳಗಾಗುತ್ತದೆ. ಆಯಿಲ್ ಮುಚ್ಚಳದ ಒಳಗೆ ಬಿಳಿ ನೊರೆ ಕಟ್ಟುವುದನ್ನು ನೀವೂ ನೋಡಿರುತ್ತೀರಿ. ಅದು ಒಣಗದೆ ಉಳಿದ ತೇವ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವ್ ತೆರೆದಾಗ ಅದರ ಇನ್ನೊಂದು ತುದಿ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ವಾಲ್ವನ್ನೇ ತೆಗೆದರೆ ಬೈಪಾಸ್ ಸದಾ ತೆರೆದಿರುತ್ತದೆ. ಒಂದಷ್ಟು ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ಮತ್ತೆ ಎಂಜಿನ್‌ಗೇ ತಿರುಗುತ್ತದೆ. ಅಂಥ ಗಾಡಿಯನ್ನು ಏರಿನಲ್ಲಿ ಒತ್ತಿದರೆ ಬಿಸಿ ಜಾಸ್ತಿಯೇ ಆಗಬಹುದು. ತಣ್ಣಗಾಗಲಿ ಅಂತ ತೆಗೆದದ್ದು ಉಲ್ಟಾ ಆಗುತ್ತದೆ. ಬಿಸಿಯಾಗುವ ಗಾಡಿಗೆ ರೇಡಿಯೇಟರ್, ಫ್ಯಾನ್, ಮುಚ್ಚಳ, ವಾಟರ್ ಪಂಪ್ ನೋಡಬೇಕು. ವಾಲ್ವ್ ತೆಗೆಯುವುದು ಕಾರಣ ಹುಡುಕದೆ ಗಿರಾಕಿಯನ್ನು ಕಳಿಸುವ ದಾರಿ. ಅದನ್ನು ಬಿಲ್ಲಿನಲ್ಲೂ ಬರೆಯದೆ ಕಳಿಸಿದರೆ ಇನ್ನೂ ತಪ್ಪು. ಗಿರಾಕಿ ತಿಂಗಳುಗಟ್ಟಲೆ ಪೆಟ್ರೋಲಿನಲ್ಲಿ ಅದರ ಬೆಲೆ ಕೊಡುತ್ತಾರೆ.

ಘಾಟಿಜೀಪ್

ಬೈಪಾಸ್ ವಿಷಯ ನನಗೆ ಹೊಸದು. ನಮ್ಮ ಎಂಜಿನ್‌ನಲ್ಲಿ ಯಾವ ತರಹ ಇದೆ ಅಂತ ವಿಚಾರಿಸುತ್ತೇನೆ.

ಕಿತ್ತಳೆತೋಟ

ಗೆಳೆಯರೊಬ್ಬರ ರೀಡರ್ ಸಿಕ್ಕಿತು. ಮನೆಯವರು ಪಕ್ಕದಲ್ಲಿ ಕೂತು ಬರೆದುಕೊಂಡರು. ಮಡಿಕೇರಿಗೆ ಏರುವಾಗ 70 ಡಿಗ್ರಿ ದಾಟಲು ಒದ್ದಾಡಿತು. ಪೇಟೆಯಲ್ಲಿ ನಿಂತಾಗ 80 ದಾಟಿತು. ವಾಪಸ್ ಇಳಿಯುವಾಗ 55ಕ್ಕೆ ಬಂತು. ಟ್ರಿಮ್ ಶೇ. 3ರ ಆಸುಪಾಸು. ಕೋಡ್ ಯಾವುದೂ ಇಲ್ಲ. ಬೆಳಿಗ್ಗೆ ಮೇಲಿನ ಪೈಪ್ ಕೂಡ ಮೊದಲಿಂದಲೇ ಬೆಚ್ಚಗಾಗುತ್ತಾ ಬಂತು.

ಹಾರಂಗಿ

ಇನ್ನು ಅನುಮಾನ ಬೇಡ. ಹೀಟರೂ ತಣ್ಣಗೆ, ಅಂಕಿಯೂ ತಣ್ಣಗೆ. ಸೆನ್ಸರ್ ನಿಜ ಹೇಳುತ್ತಿದೆ. ಬಿಚ್ಚಿಸಿ.

ಕಿತ್ತಳೆತೋಟ

ಈ ಸಲ ಬೇರೆ ಗ್ಯಾರೇಜಿಗೆ ಹೋದೆ, ಕುಶಾಲನಗರದಲ್ಲಿ. ನಾನು ಪಕ್ಕದಲ್ಲೇ ನಿಂತಿದ್ದೆ. ಹೌಸಿಂಗ್ ಬಿಚ್ಚಿದರೆ ಒಳಗೆ ಖಾಲಿ. ವಾಲ್ವ್ ಇಲ್ಲವೇ ಇಲ್ಲ. ಅದು ಕೂರುವ ಜಾಗದಲ್ಲಿ ಗ್ಯಾಸ್ಕೆಟ್ ಗಮ್ ಹಚ್ಚಿ ಮುಚ್ಚಿದ್ದಾರೆ. ಪೈಪ್ ಬದಲಿಸಿದ ಬಿಲ್ಲಿನಲ್ಲಿ ಇದರ ಒಂದು ಸಾಲೂ ಇಲ್ಲ. ತುಂಬಾ ನೋವಾಯಿತು. ಕೇಳಿದ್ದರೆ ವಾಲ್ವಿನ ದುಡ್ಡು ಕೊಡುತ್ತಿದ್ದೆ.

ಕಂಪನಿ ಪಾರ್ಟ್ ನಂಬರ್ ನೋಡಿ ಹೊಸ ವಾಲ್ವ್, ರಬ್ಬರ್ ರಿಂಗ್, ಕೂಲಂಟ್ ಹಾಕಿಸಿದೆ. ಗಾಳಿ ಉಳಿಯದ ಹಾಗೆ ಬ್ಲೀಡ್ ಮಾಡಿದರು. ಕೂಲಿ ಸೇರಿ ಎರಡು ಸಾವಿರ ದಾಟಲಿಲ್ಲ. ಈಗ ಏರಿನಲ್ಲೂ ಇಳಿಜಾರಿನಲ್ಲೂ 86ರಿಂದ 92ರ ನಡುವೆ ನಿಲ್ಲುತ್ತಿದೆ. ಹೀಟರ್ ಮೊದಲಿನಂತೆ ಸುಡುತ್ತದೆ, ಗಾಜಿನ ಮಂಜು ಬೇಗ ಹೋಗುತ್ತದೆ. ಮಳೆ ಇನ್ನೂ ಬಿಟ್ಟಿಲ್ಲ, ಆದರೂ ಟ್ಯಾಂಕಿನಿಂದ ಟ್ಯಾಂಕಿಗೆ 15 ಬಂತು. ಉಳಿದ ಒಂದು ಕಿ.ಮೀ. ಪುಷ್ಪಗಿರಿಯವರು ಹೇಳಿದ ಮಳೆಯ ಲೆಕ್ಕ ಅಂದುಕೊಂಡಿದ್ದೇನೆ. ಕಾಫಿ ಕುಯ್ಲಿನ ಹೊತ್ತಿಗೆ ರಸ್ತೆ ಒಣಗುತ್ತದಲ್ಲ, ಆಗ ಮತ್ತೆ ಅಳೆದು ಇಲ್ಲೇ ಹಾಕುತ್ತೇನೆ.

ಎಲ್ಲರಿಗೂ ಮನಸಾರೆ ಧನ್ಯವಾದ. ಹಳೇಮೆಕ್ಯಾನಿಕ್ ಅವರೇ, ಹೀಟರ್ ಬಗ್ಗೆ ನೀವು ಕೇಳದಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಪ್ಲಗ್ ಬದಲಾಗಿರುತ್ತಿತ್ತು.

ಹಳೇಮೆಕ್ಯಾನಿಕ್

ಸಂತೋಷ. ಇನ್ನೊಂದು ಕೆಲಸ ಬಾಕಿ ಇದೆ. ಮೇ ತಿಂಗಳಲ್ಲಿ ಬಿಸಿಯಾಗಿದ್ದು ಪೈಪ್ ಸೀಳಿ ನೀರು ಹೋಗಿದ್ದರಿಂದ. ಪೈಪ್ ಯಾಕೆ ಸೀಳಿತು? ಹಳೆಯದಾಗಿರಬಹುದು. ರೇಡಿಯೇಟರ್ ಮುಚ್ಚಳ ಜಾಸ್ತಿ ಒತ್ತಡವನ್ನು ಹೊರಗೆ ಬಿಡದೆ ಹಿಡಿದಿಟ್ಟರೂ ಸೀಳುತ್ತದೆ. ಮುಚ್ಚಳ ಚಿಕ್ಕ ಖರ್ಚು, ಬದಲಿಸಿಬಿಡಿ. ಫ್ಯಾನ್ ಎಷ್ಟು ಡಿಗ್ರಿಗೆ ತಿರುಗುತ್ತದೆ ಅಂತ ಅದೇ ರೀಡರ್‌ನಲ್ಲಿ ನೋಡಿ. ಪೇಟೆಯಲ್ಲಿ ನಿಂತಾಗ 100 ಹತ್ತಿರ ಬಂದರೂ ತಿರುಗದಿದ್ದರೆ ಘಾಟಿಗೆ ಇಳಿಯುವ ಮೊದಲು ತೋರಿಸಿ.

ಕಿತ್ತಳೆತೋಟ

ಫ್ಯಾನ್ 96ಕ್ಕೆ ತಿರುಗಿ, ಇಳಿದ ಮೇಲೆ ನಿಲ್ಲುತ್ತಿದೆ. ಮುಚ್ಚಳ ನಾಳೆ ತರುತ್ತೇನೆ.

ಕಾಳುಮೆಣಸು

ಇದನ್ನೆಲ್ಲ ಓದಿ ನನ್ನ ಕಾರಿನ ಹೀಟರ್ ಹಾಕಿ ನೋಡಿದೆ. ನಂದರಲ್ಲೂ ಗಾಳಿ ಬೆಚ್ಚಗೆ ಮಾತ್ರ ಬರುತ್ತಿದೆ. ನೇರ ವಾಲ್ವ್ ತಂದು ಹಾಕಿಸಲಾ?

ಹಳೇಮೆಕ್ಯಾನಿಕ್

ಅವಸರ ಬೇಡ. ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಿ. ಬಿಸಿ ಇರುವಾಗ ಮುಚ್ಚಳ ತೆರೆಯಲೇಬೇಡಿ, ಮುಖಕ್ಕೆ ಚಿಮ್ಮುತ್ತದೆ. ಮಟ್ಟ ಕಮ್ಮಿ ಇದ್ದರೆ ಹೀಟರ್‌ಗೆ ನೀರು ಸಾಲದೆ ಗಾಳಿ ತುಂಬಿಕೊಂಡಿರುತ್ತದೆ, ಆಗಲೂ ಹೀಗೇ ಆಗುತ್ತದೆ. ಅದು ಎಂಜಿನ್ ತಣ್ಣಗೆ ಓಡುವ ದೋಷವೇ ಅಲ್ಲ, ಸುಟ್ಟುಹೋಗುವ ಮೊದಲ ಸೂಚನೆ. ಮಟ್ಟ ಕಮ್ಮಿ ಇದ್ದರೆ ಕಾರು ಓಡಿಸಬೇಡಿ, ಸೋರಿಕೆ ಎಲ್ಲಿ ಅಂತ ಮೊದಲು ಹುಡುಕಿಸಿ. ಮಟ್ಟ ಸರಿ ಇದ್ದರೆ ಪೈಪ್ ಮುಟ್ಟಿ ನೋಡಿ, ರೀಡರ್ ಹಾಕಿ ನೋಡಿ, ಅಂಕಿ ಇಲ್ಲಿ ಬರೆಯಿರಿ.

ಕಾಳುಮೆಣಸು

ಮಟ್ಟ ಕೆಳಗಿನ ಗುರುತಿಗಿಂತ ಕೆಳಗಿದೆ. ಕಾರು ಮನೆಯಲ್ಲೇ ನಿಲ್ಲಿಸಿದ್ದೇನೆ. ಮೆಕ್ಯಾನಿಕ್ ಸಂಜೆ ಬರುತ್ತಾರೆ.